ತಗಡಿನ ಓಣಿಯ ಗೌರಕ್ಕ

ಗೌರಕ್ಕನಿಗೆ ಎರಡೂ ಕಿವಿ ಕೇಳುತ್ತಿರಲಿಲ್ಲ. ಆದರೆ ಕೊಟ್ಟೂರಿನ ಎಲ್ಲಕ್ಕಿಂತ ಗದ್ದಲದ ಓಣಿಯ ಪರವಾಗಿ ಜಗಳಕ್ಕೆ ನಿಲ್ಲುತ್ತಿದ್ದವರು ಅವರೇ.

ಅದು ಟ್ರಂಕು ಮಾಡುವವರ ಓಣಿ. ಬೆಳಗಿನ ಜಾವ ತಗಡಿನ ಮೇಲೆ ಸುತ್ತಿಗೆ ಬಿತ್ತೆಂದರೆ ದೀಪ ಹಚ್ಚಿದ ಮೇಲೂ ಬಿಡುವಿಲ್ಲ. ಗೌರಕ್ಕನ ಮನೆಯ ಮುಂದಿನ ಅಂಕಣದಲ್ಲಿ ರಹಮಾನ್ ಸಾಬರ ಟ್ರಂಕಿನ ಅಂಗಡಿ, ಹಿಂದಿನ ಕೋಣೆಯಲ್ಲಿ ಬಾಡಿಗೆಗೆ ನಾನು. ತೊಂಬತ್ತರ ದಶಕದ ನಡುವೆ ಚಿಗಟೇರಿಯಿಂದ ಹೈಸ್ಕೂಲು ಮಾಸ್ತರಿಕೆಗೆ ಬಂದವನು. ಗೌರಕ್ಕ ಕಟ್ಟೆಯ ಮೇಲೆ ಕೂತು ಹೊಸ ಟ್ರಂಕುಗಳ ಮುಚ್ಚಳಕ್ಕೆ ಜೋಡಿ ಗಿಳಿ ಬರೆಯುತ್ತಿದ್ದರು. ಅರವತ್ತರ ಹತ್ತಿರದ ವಯಸ್ಸು, ಬೆರಳ ತುದಿಯಲ್ಲಿ ಯಾವಾಗಲೂ ಹಸಿರು ಬಣ್ಣ. ಮದುವೆಯಾದ ಹೊಸದರಲ್ಲಿ ಬಂದ ಜ್ವರ ಕಿವಿಗಳನ್ನು ಒಯ್ದು ಮಾತನ್ನು ಉಳಿಸಿತ್ತು. ಎಷ್ಟು ಜೋರಾಗಿ ಮಾತಾಡುತ್ತಿದ್ದೇನೆಂದು ತಮಗೇ ತಿಳಿಯದ್ದರಿಂದ ಆ ಮಾತು ಬಸ್ ಸ್ಟ್ಯಾಂಡಿನ ತನಕ ಕೇಳಿಸುತ್ತಿತ್ತು.

ಹಗಲಲ್ಲಿ ಆ ಓಣಿಯಲ್ಲಿ ಯಾರೂ ಬಾಯಲ್ಲಿ ಮಾತಾಡುತ್ತಿರಲಿಲ್ಲ. ಆಡಿದರೂ ಕೇಳಿಸಬೇಕಲ್ಲ! ಎಲ್ಲ ಕೈಯಲ್ಲೇ. ಹೆಬ್ಬೆರಳನ್ನು ಬಾಯಿಗೆ ಒಯ್ದರೆ ಚಹಾ, ಅಂಗೈ ತಿರುವಿದರೆ ‘ಯಾವಾಗ?’, ಮುಷ್ಟಿಯಿಂದ ಅಂಗೈ ಗುದ್ದಿದರೆ ‘ಕೆಲಸ ನಡೆಸು’. ಜನರ ಹೆಸರೂ ಕೈಯಲ್ಲೇ. ರಹಮಾನ್ ಸಾಬರೆಂದರೆ ಗಡ್ಡ ಸವರುವುದು. ನಾನು ಮೊದಲ ದಿನವೇ ಕಿವಿಗೆ ಹತ್ತಿ ತುರುಕಿಕೊಂಡು ಹೊರಗೆ ಬಂದದ್ದನ್ನು ಗೌರಕ್ಕ ನೋಡಿಬಿಟ್ಟರು. ಸಂಜೆಯೊಳಗೆ ನನಗೂ ನಾಮಕರಣವಾಗಿತ್ತು: ಎರಡು ಕಿವಿಗೆ ಎರಡು ಬೆರಳು. ಚಹಾದಂಗಡಿಯವನೂ ಹಾಗೇ ಕರೆಯತೊಡಗಿದ. ನನಗೆ ಮೈ ಉರಿದುಹೋಗುತ್ತಿತ್ತು.

ಒಮ್ಮೆ ಹಡಗಲಿಯಲ್ಲಿದ್ದ ಅವರ ತಂಗಿ ಹೊಸ ಬಡಾವಣೆಯಲ್ಲಿ ಮನೆ ಕಟ್ಟಿಸಿ, ಸ್ವಲ್ಪ ದಿನ ಆರಾಮಾಗಿ ಇರು ಎಂದು ಅಕ್ಕನನ್ನು ಕರೆದೊಯ್ದರು. ತಿಂಗಳಿಗೆಂದು ಹೋದ ಗೌರಕ್ಕ ಎಂಟನೇ ದಿನಕ್ಕೆ ಗಂಟು ಹಿಡಿದು ಬಸ್ಸಿಳಿದರು. ಅಲ್ಲಿ ಪಕ್ಕದ ಮನೆಯವರು ಚಹಾಕ್ಕೆ ಕರೆದಾಗ ತಂಗಿಯ ಕಿವಿಯಲ್ಲಿ ಗುಟ್ಟಾಗಿ, “ಇದು ಚಾ ಅಲ್ಲಬೇ, ಪಾತ್ರಿ ತೊಳದ ನೀರು” ಎಂದಿದ್ದರಂತೆ. ಆ ಗುಟ್ಟು ಇಡೀ ಬಡಾವಣೆಗೆ ಕೇಳಿಸಿತ್ತು.

“ಅಲ್ಲಿ ಮಂದಿ ಪಿಸಿಪಿಸಿ ಮಾತಾಡ್ತಾರ್ರೀ ಮಾಸ್ತರ. ತುಟಿ ನೋಡಿ ತಿಳ್ಕಳಾನು ಅಂದ್ರ ತುಟೀನ ಅಳ್ಳಾಡಂಗಿಲ್ಲ. ಎಲ್ಡು ಸಲ ಕರೀತಾರ. ತಿರುಗಿ ನೋಡ್ಲಿಲ್ಲ ಅಂದ್ರ ಮೂರನೇ ಸಲ ಕರಿಯಂಗೇ ಇಲ್ಲ. ಎಂಟು ದಿನ ನಾ ಕಿವುಡಿ ಆಗಿದ್ದೆ ನೋಡ್ರಿ. ಇಲ್ಲಿ ಯಾವತ್ತರ ಆಗೀನೇನು?”

ಆ ಮಾತು ಆಗ ನನ್ನ ತಲೆಗೆ ಹೋಗಲಿಲ್ಲ. ತಲೆ ತುಂಬ ನೋವೇ ಇರುತ್ತಿತ್ತು. ಪರೀಕ್ಷೆಯ ಪೇಪರು ತಿದ್ದಲು ಕೂತರೆ ಒಂದೊಂದು ಪೆಟ್ಟೂ ನೆತ್ತಿಯ ಮೇಲೇ ಬಿದ್ದಂತೆ. ಹಿಂದಿನ ಬೀದಿಯ ನಾಲ್ಕಾರು ಮನೆಯವರು ಸೇರಿ, ಟ್ರಂಕಿನ ಅಂಗಡಿಗಳನ್ನು ಊರ ಹೊರಗೆ ಹಾಕಬೇಕೆಂದು ಪಂಚಾಯ್ತಿಗೆ ಅರ್ಜಿ ಕೊಡಲು ಹೊರಟರು. ಅಕ್ಷರ ಚೆನ್ನಾಗಿದೆಯೆಂದು ಬರೆದವನು ನಾನು. ‘ಅಸಹನೀಯ ಶಬ್ದ’ ಎಂಬಲ್ಲಿ ಅಡಿಗೆರೆ ಬೇರೆ ಎಳೆದಿದ್ದೆ. ಸಹಿಗೆಂದು ಗೌರಕ್ಕನ ಮುಂದೂ ಹಿಡಿದೆ. ಕೇಳಿಸದವರಿಗೆ ಸದ್ದು ಹೋದರೇನು, ಇದ್ದರೇನು ಎಂದುಕೊಂಡಿದ್ದೆ. ಅವರು ಒಂದೊಂದೇ ಅಕ್ಷರ ಕೂಡಿಸಿ ಓದಿದರು. ಕುಂಚವನ್ನು ಡಬ್ಬಿಯೊಳಗಿಟ್ಟರು.

“ಇವ್ರು ಹೋದ್ರ ಈ ಓಣ್ಯಾಗ ಎಲ್ಲಾರೂ ಬಾಯ್ಲೇ ಮಾತಾಡ್ತಾರ. ಆವಾಗ ನನ್ನ ಕೂಡ ಯಾರು ಮಾತಾಡ್ತಾರ? ನೀವು ಮಾತಾಡ್ತೀರೇನು?”

ನಾನು ಅರ್ಜಿಯನ್ನು ಮಡಚಿಕೊಂಡೆ. ಅವರ ಸಹಿ ಇಲ್ಲದೆಯೇ ಪಂಚಾಯ್ತಿಗೆ ಕೊಟ್ಟು ಬಂದೆ. ನೆನೆದರೆ ಇಂದಿಗೂ ನಾಚಿಕೆಯಾಗುತ್ತದೆ.

ಹದಿನೈದು ದಿನಕ್ಕೆ ಅಧಿಕಾರಿಯೊಬ್ಬರು ಪರಿಶೀಲನೆಗೆ ಬಂದರು. ಮರ್ಯಾದೆಗೆಂದು ರಹಮಾನ್ ಸಾಬರು ಸುತ್ತಿಗೆ ಕೆಳಗಿಡುವಷ್ಟರಲ್ಲಿ ಗೌರಕ್ಕ ಕಟ್ಟೆಯ ಮೇಲಿಂದ ಮುಷ್ಟಿಯಿಂದ ಅಂಗೈ ಗುದ್ದಿದರು. ಓಣಿಯ ಸುತ್ತಿಗೆಗಳೆಲ್ಲ ಒಟ್ಟಿಗೆ ಎದ್ದವು. ಅಧಿಕಾರಿ ಏನೋ ಕೇಳಿದರು, ಯಾರಿಗೂ ಕೇಳಿಸಲಿಲ್ಲ. ಕೂಗಿದರು, ಆಗಲೂ ಇಲ್ಲ. ಏನೆಂದು ಓಣಿಯವರು ಕೈಯಾಡಿಸಿ ಕೇಳಿದರೆ ಅವರಿಗೆ ಒಂದೂ ತಿಳಿಯದು. ಆಗ ಗೌರಕ್ಕ ಇಳಿದು ಬಂದು ಅವರ ಎದುರು ನಿಂತರು. ಅಧಿಕಾರಿಯ ತುಟಿ ನೋಡಿ ಪ್ರಶ್ನೆಯನ್ನು ಹಿಡಿಯುವರು, ಕೈಯಲ್ಲಿ ಓಣಿಗೆ ದಾಟಿಸುವರು, ಓಣಿಯ ಉತ್ತರವನ್ನು ಸುತ್ತಿಗೆಗಳನ್ನೂ ಮೀರುವ ತಮ್ಮ ದನಿಯಲ್ಲಿ ಅವರಿಗೆ ಮುಟ್ಟಿಸುವರು. ಎಷ್ಟು ಮನೆಗಳ ಒಲೆ ಇದರಿಂದ ಉರಿಯುತ್ತದೆ, ಯಾವ ಕಾಲದಿಂದ ಈ ಕೆಲಸ ನಡೆದಿದೆ, ಎಲ್ಲ ಹೇಳಿ ಮುಗಿಸಿ ಸೊಂಟಕ್ಕೆ ಕೈಯಿಟ್ಟು ನಿಂತರು.

“ಈಗ ಹೇಳ್ರಿ ಸಾಹೇಬ್ರ, ಈ ಓಣ್ಯಾಗ ಕಿವುಡ್ರು ಯಾರು?”

ಅಧಿಕಾರಿಗೆ ನಗು ತಡೆಯಲಾಗಲಿಲ್ಲ. ಬೆಳಿಗ್ಗೆ ಎಂಟರ ಮುಂಚೆ, ದೀಪ ಹಚ್ಚಿದ ಮೇಲೆ ಬಡಿಯಬಾರದು ಎಂದಷ್ಟೇ ಬರೆದು ಹೋದರು. ನಾನು ಬಾಗಿಲ ಹಿಂದೆ ಅಡಗಿ ನಿಂತಿದ್ದೆ. ಗೌರಕ್ಕ ಒಳಗೆ ಬಂದರು.

“ಬರ್ರಿ, ಚಾ ಕುಡೀರಿ. ನನಗೇನು ಸಿಟ್ಟಿಲ್ಲ. ಆದ್ರ ನಿಮ್ಮ ಹೆಸರು ಮಾತ್ರ ಬದಲಾಗಂಗಿಲ್ಲ” ಎಂದು ಕಿವಿಗೆ ಎರಡು ಬೆರಳಿಟ್ಟು ನಕ್ಕರು.

ಆಮೇಲೆ ಹನ್ನೆರಡು ವರ್ಷ ಅದೇ ಕೋಣೆಯಲ್ಲಿದ್ದೆ. ಸದ್ದಿಗೆ ಒಗ್ಗಿಹೋದೆ ಎಂದರೆ ಸುಳ್ಳಾಗುತ್ತದೆ, ತಲೆನೋವು ಬರುತ್ತಲೇ ಇತ್ತು. ಶಾಂತವಾದ ಬಡಾವಣೆಗೆ ಹೋಗಬಾರದೇ ಎಂದು ಗೆಳೆಯರು ಕೇಳುತ್ತಿದ್ದರು. ತಲೆನೋವಿಗೆ ಮಾತ್ರೆ ಸಿಗುತ್ತದೆ, ಮೂರನೇ ಸಲ ಕರೆಯದ ನೆರೆಹೊರೆಗೆ ಎಲ್ಲಿಂದ ಮಾತ್ರೆ ತರಲಿ ಎಂದು ಅವರ ಮೇಲೇ ಹರಿಹಾಯುತ್ತಿದ್ದೆ.

ಗೌರಕ್ಕ ತೀರಿಕೊಂಡ ದಿನ ಓಣಿ ಸುತ್ತಿಗೆ ಕೆಳಗಿಟ್ಟಿತ್ತು. ಹಡಗಲಿಯಿಂದ ಬಂದಿದ್ದ ತಂಗಿಯ ಗಂಡ ನನ್ನ ಪಕ್ಕ ನಿಂತು, “ಇವತ್ತು ನೋಡ್ರಿ, ಓಣಿ ಎಷ್ಟು ಶಾಂತ ಐತಿ. ದಿನಾ ಹಿಂಗ ಇದ್ರ ಎಷ್ಟು ಚಂದಿತ್ತು” ಎಂದರು.

“ದಿನಾ ಹಿಂಗ ಇದ್ದಿದ್ರ ಗೌರಕ್ಕ ಯಾವತ್ತೋ ಸತ್ತು ಹೋಗಿರ್ತಿದ್ರು” ಎಂದೆ. ದನಿ ಏರಿಬಿಟ್ಟಿತ್ತು.

ಎದುರಿನ ಗೋಡೆಗೆ ಒರಗಿದ್ದ ರಹಮಾನ್ ಸಾಬರು ತಲೆಯೆತ್ತಿ ನೋಡಿದರು. ಅಂದು ಬಾಯಲ್ಲಿ ಕರೆದಿದ್ದರೂ ನನಗೆ ಕೇಳಿಸುತ್ತಿತ್ತು. ಅವರು ಕರೆಯಲಿಲ್ಲ, ಎರಡು ಕಿವಿಗೆ ಎರಡು ಬೆರಳಿಟ್ಟರು. ನಾನು ಅಂಗೈ ತಿರುವಿದೆ: ಕೆಲಸ ಯಾವಾಗ ಶುರು? ಅವರು ಮನೆಯ ಕಡೆ ತೋರಿಸಿ, ಮಣ್ಣು ಮಾಡಿದ ಕೂಡಲೇ ಎಂದು ಅಂಗೈಯನ್ನು ನೆಲದ ಕಡೆ ಒತ್ತಿದರು. ಅದು ಗೌರಕ್ಕನೇ ಮುಂಚೆ ಹೇಳಿಟ್ಟಿದ್ದ ಮಾತು.

ಮಣ್ಣು ಮಾಡಿ, ಸ್ನಾನ ಮುಗಿಸಿ ನಾನು ಕಟ್ಟೆಗೆ ಬಂದಾಗ ಗಿಳಿ ಬರೆಯದ ಟ್ರಂಕುಗಳು ಅಲ್ಲೇ ಇದ್ದವು. ರಹಮಾನ್ ಸಾಬರು ತಗಡು ಹಾಸಿ ಮೊದಲ ಪೆಟ್ಟು ಹಾಕಿದರು. ಅದು ಮೆತ್ತಗೆ ಬಿತ್ತು. ಅಸಹನೀಯ ಎಂದು ಅಡಿಗೆರೆ ಎಳೆದು ಬರೆದವನೇ ನಾನು. ಓಣಿಯ ನಡುವೆ ನಿಂತು, ಇನ್ನೂ ಜೋರಾಗಿ ಎಂದು ಮುಷ್ಟಿಯಿಂದ ಅಂಗೈ ಗುದ್ದಿ ಗುದ್ದಿ ತೋರಿಸಿದೆ.