ಅತ್ತೆಯ ಕರ್ಪೂರದ ಎಣ್ಣೆ

ನಮ್ಮತ್ತೆಗೆ ತನ್ನ ಕೋಳಿ ಕೂಗಿದರೇ ಊರಿಗೆ ಬೆಳಗಾಗುವುದೆಂಬ ನಂಬಿಕೆ. ಬೀದಿಗೆ ತೆರೆದ ಕೋಣೆಯಲ್ಲಿ ನಲವತ್ತು ವರ್ಷ ಇಸ್ತ್ರಿ ಹಾಕಿದವರು, ಯಾವ ಅಂಗಿ ಯಾವ ಮನೆಯದೆಂದು ಮೂಸಿ ಹೇಳುತ್ತಿದ್ದರು. "ಕಣ್ಣು ಮೋಸ ಹೋಗುತ್ತೆ, ಮೂಗು ಹೋಗಲ್ಲ" ಎಂಬುದು ಅವರ ವೇದಾಂತ. ಹಿತ್ತಲಿನ ಹನ್ನೊಂದು ಕೋಳಿಗಳನ್ನೂ ಅದೇ ವೇದಾಂತದಲ್ಲಿ ಸಾಕಿದ್ದರು.

ನಾನು ಆ ಮನೆಗೆ ಎರಡನೆಯ ಸೊಸೆ. ಮೊದಲನೆಯವಳು, ನನ್ನ ಗಂಡನ ಮೊದಲ ಹೆಂಡತಿ, ಜ್ವರದಲ್ಲಿ ಹೋಗಿ ವರ್ಷವಾಗಿತ್ತು. ಅವಳ ನಾಲ್ಕು ವರ್ಷದ ಮಗಳು ಅಜ್ಜಿಯ ಕೈತುತ್ತು ಬಿಟ್ಟು ಬೇರೆ ಯಾರು ಕೊಟ್ಟರೂ ತಿನ್ನುತ್ತಿರಲಿಲ್ಲ. ಅತ್ತೆಗೋ ಕೆಮ್ಮು ಹೆಚ್ಚುತ್ತಿತ್ತು. ಬಂದ ದಿನವೇ ನನಗೆ ಹೇಳಿದರು: "ನಾನು ಹೋಗೋದ್ರೊಳಗೆ ಇವಳು ನಿನ್ನ ಕೈಲಿ ತಿನ್ನಬೇಕು. ನನಗೆ ಇನ್ನೇನೂ ಬೇಡ."

ಅದೇ ವಾರ ಅವರು ನಾಲ್ಕು ಎಳೆಯ ಹೇಂಟೆಗಳನ್ನು ತಂದಿದ್ದರು. ಹೊಸದನ್ನು ನೇರ ಗುಂಪಿಗೆ ಬಿಟ್ಟರೆ ಹಳೆಯವು ಕುಕ್ಕಿ ಕೊಲ್ಲುತ್ತವೆ. ಅದಕ್ಕೆ ಗೂಡಿನ ನಡುವೆ ಜಾಲರಿ ಕಟ್ಟಿದರು. ಹದಿನೈದು ದಿನ ಆ ಕಡೆ ಅವು, ಈ ಕಡೆ ಇವು, ನೋಡಬಹುದು, ಮುಟ್ಟುವಂತಿಲ್ಲ. ನನಗೂ ಅದೇ ಶಾಸ್ತ್ರ! ಇಸ್ತ್ರಿ ಕೋಣೆಯಲ್ಲಿ ಹಾಸಿಗೆ, ನಡುಮನೆಗೆ ಜಾಲರಿ ಬಾಗಿಲು. ಒಳಗೆ ಅಜ್ಜಿ ಮೊಮ್ಮಗಳ ತಟ್ಟೆ, ಹೊರಗೆ ನನ್ನ ತಟ್ಟೆ. ಲಾರಿ ಓಡಿಸುವ ಗಂಡ ಊರಲ್ಲಿರಲಿಲ್ಲ. ಇದ್ದಿದ್ದರೂ ಅಮ್ಮನೆದುರು ತುಟಿ ಪಿಟಕ್ಕೆನ್ನುವ ಆಸಾಮಿಯಲ್ಲ.

ಹದಿನೈದನೆಯ ಸಂಜೆ ಅತ್ತೆ ಕರ್ಪೂರದ ಎಣ್ಣೆ ಬಟ್ಟಲು ಹಿಡಿದು ಗೂಡಿಗೆ ಹೋದರು. ಎಲ್ಲಕ್ಕೂ ಒಂದೇ ವಾಸನೆ ಬರಲೆಂದು, ಹಳೆಯದು ಹೊಸದೆನ್ನದೆ ಒಂದೊಂದೇ ಕೋಳಿಯ ಕತ್ತಿಗೆ ಎಣ್ಣೆ ಸವರಿದರು. ಒಂಬತ್ತು ವರ್ಷದ ಯಜಮಾನಿ ಕೋಳಿಯನ್ನು ಮಾತ್ರ ಬಿಟ್ಟರು.

"ಇದಕ್ಕೆ?" ಎಂದೆ.

"ಇದಕ್ಯಾಕೆ? ಮನೆಯವಳಲ್ವಾ?"

ಕತ್ತಲು ಕವಿಯುತ್ತಲೇ ಜಾಲರಿ ಬಿಚ್ಚಿ, ಎಳೆಯವನ್ನು ಹಳೆಯವುಗಳ ನಡುವೆ ಕೂರಿಸಿದರು. "ಕೋಳಿಗೆ ಎಣಿಕೆ ಬರಲ್ಲ. ಬೆಳಿಗ್ಗೆ ಎದ್ದಾಗ ಇವು ಮೊದಲಿಂದ್ಲೂ ಇಲ್ಲೇ ಇದ್ವು ಅಂದ್ಕೊಳ್ತವೆ."

ಆಮೇಲೆ ಟ್ರಂಕಿನಿಂದ ನೀಲಿ ಶಾಲು ತೆಗೆದರು. ಸತ್ತವಳದು. ಊರಿನ ಬಟ್ಟೆಯನ್ನೆಲ್ಲ ಗರಿಗರಿ ಮಾಡುವ ಹೆಂಗಸು ಇದೊಂದನ್ನು ವರ್ಷದಿಂದ ಒಗೆಯದೆ ಇಟ್ಟಿದ್ದರು. "ಇದನ್ನ ಹೊದ್ಕೊಂಡು ಮಗು ಪಕ್ಕ ಮಲಗು. ಮಾತಾಡಬೇಡ."

ನನಗೆ ಮೈಯೆಲ್ಲ ಉರಿಯಿತು. "ನಾನೇನು ಕೋಳಿನಾ ಅತ್ತೆ?"

"ಕೋಳಿಯಾಗಿದ್ರೆ ಇಷ್ಟು ಹೇಳಿಸ್ಕೊಳ್ತಿರಲಿಲ್ಲ."

ಶಾಲಿನಲ್ಲಿ ಬೇರೊಬ್ಬಳ ಬೆವರು, ಬೇರೊಬ್ಬಳ ಪೌಡರು. ಅವಳ ಮೈಯೊಳಗೇ ಹೊಕ್ಕು ಮಲಗಿದಂತಾಗಿ ಭಯವಾಯಿತು. ಆದರೂ ಮಲಗಿದೆ.

ಬೆಳಿಗ್ಗೆ ಕತ್ತಿನ ಮೇಲೆ ಪುಟ್ಟ ಕೈಯಿತ್ತು. ಮಗು ಕಣ್ಣು ಬಿಟ್ಟು, ನನ್ನ ಮುಖವನ್ನೇ ನೇರವಾಗಿ ನೋಡಿ, "ಅಮ್ಮಾ, ಹಸಿವು" ಎಂದಿತು. ಬೆಚ್ಚಲಿಲ್ಲ, ಏನೂ ಕೇಳಲಿಲ್ಲ. ನಡುವೆ ಒಂದು ವರ್ಷ ಕಳೆದೇ ಇಲ್ಲವೆಂಬಂತೆ ನನ್ನ ಕೈಯಿಂದ ಬ್ರೆಡ್ಡು ತಿಂದಿತು. ಖುಷಿಯಾಗಬೇಕಿತ್ತು. ಆದರೆ ನಾನು ಹಿಂದೆ ತಿರುಗಿ, ಅಲ್ಲಿ ಇನ್ಯಾರಾದರೂ ಇದ್ದಾರೆಯೇ ಎಂದು ನೋಡಿದೆ.

ಅಷ್ಟರಲ್ಲಿ ಹಿತ್ತಲಿನಿಂದ ಕಿರುಚಾಟ. ಶಾಲು ಹೊದ್ದಂತೆಯೇ ಮಗುವನ್ನು ಎತ್ತಿಕೊಂಡು ಓಡಿದೆ. ಎಳೆಯ ಹೇಂಟೆಗಳು ನಿಶ್ಚಿಂತೆಯಿಂದ ಕಾಳು ಹೆಕ್ಕುತ್ತಿದ್ದವು. ಮೂಲೆಯಲ್ಲಿ ಉಳಿದ ಹತ್ತೂ ಹಳೆಯ ಕೋಳಿಗಳು ಯಜಮಾನಿಯನ್ನು ಸುತ್ತುವರಿದು ಕುಕ್ಕುತ್ತಿದ್ದವು. ಅದರ ಜುಟ್ಟು ಹರಿದು ರಕ್ತ ಸೋರುತ್ತಿತ್ತು. ಎಣ್ಣೆ ವಾಸನೆಯಿಲ್ಲದ್ದು ಅದೊಂದೇ.

"ಅಯ್ಯೋ, ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ!" ಎಂದು ಅತ್ತೆ ನುಗ್ಗಿ ಅದನ್ನು ಎದೆಗವಚಿಕೊಂಡು ಬಂದರು. ನನ್ನ ಕಂಕುಳಲ್ಲಿದ್ದ ಮಗುವನ್ನು ಕಂಡು ಆ ಗಾಬರಿಯಲ್ಲೂ ಮುಖ ಅರಳಿತು. "ತಿಂದಳಾ?"

"ತಿಂದಳು."

ಅತ್ತೆ ಕೈಚಾಚಿದರು. ಮಗು ಶಾಲಿನೊಳಗೆ ಮುಖ ಹುದುಗಿಸಿ, ಒಂದೇ ಕಣ್ಣಲ್ಲಿ ಅವರನ್ನು ನೋಡುತ್ತ ಪಿಸುಗುಟ್ಟಿತು. "ಅಮ್ಮಾ, ಇವರು ಯಾರು?"

ಅತ್ತೆ ನಕ್ಕರು. "ಕಳ್ಳಿ, ಆಟ ಆಡ್ತಾಳೆ." ಮಗು ನಗಲಿಲ್ಲ. ಅವರು ಇನ್ನೊಂದು ಹೆಜ್ಜೆ ಮುಂದಿಟ್ಟಾಗ ಚಿಟ್ಟನೆ ಚೀರಿತು. ಆಗ ಅತ್ತೆಯ ನಗು ನಿಂತಿತು.

ಆ ದಿನವೆಲ್ಲ ನಾನು ಹೇಳಿದೆ, ರಮಿಸಿದೆ, ಗದರಿದೆ. ಶಾಲು ತೆಗೆದಿಟ್ಟೆ. ಮಗು ಅಜ್ಜಿಯತ್ತ ಸುಳಿಯಲೇ ಇಲ್ಲ. ಮತ್ತೆ ಅವರ ಬಳಿ ಹೋಗುವುದೋ ಇಲ್ಲವೋ ಎಂದು ನನಗೆ ಅಳು ಬಂತು. ನನಗೆ ಸಿಕ್ಕಿದ್ದೆಲ್ಲ ಆ ಮುದುಕಿಯಿಂದ ಕಿತ್ತುಕೊಂಡದ್ದೆನಿಸಿತು.

ಸಂಜೆ ಅತ್ತೆ ಗೂಡಿಗೆ ಮತ್ತೆ ಜಾಲರಿ ಕಟ್ಟಿ, ಯಜಮಾನಿ ಕೋಳಿಯನ್ನು ಅದರಾಚೆ ಒಂಟಿಯಾಗಿ ಬಿಟ್ಟು ಬಂದರು. ಕೈಕಾಲು ತೊಳೆದು, ತಟ್ಟೆಗೆ ತಾವೇ ಬಡಿಸಿಕೊಂಡರು. ಇಸ್ತ್ರಿ ಕೋಣೆಗೆ ಹೋಗಿ ಜಾಲರಿ ಬಾಗಿಲು ಹಾಕಿಕೊಂಡು, ನಮಗೆ ಕಾಣುವಂತೆ ನೆಲದ ಮೇಲೆ ಕೂತರು.

"ಅತ್ತೆ, ಒಳಗೆ ಬನ್ನಿ" ಎಂದೆ.

"ನೀವು ತಿನ್ನಿ" ಎಂದರು. "ಹದಿನೈದು ದಿನ ತಾನೆ."