ವಾರಾನ್ನದ ಸಂಶೋಧಕ

ಪ್ಯಾಂಟು ತೊಟ್ಟು ಮಣೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಉಂಡು ನೋಡಿದ್ದೀರಾ? ಮೊಣಕಾಲು ಹಿಡಿಯುತ್ತದೆ, ಹೊಲಿಗೆ ಹೆದರಿಸುತ್ತದೆ, ಬಡಿಸುವ ತಾಯಿಯ ಮುಖ ನೋಡಲು ನಾಚಿಕೆಯಾಗುತ್ತದೆ. ಚಡ್ಡಿ ತೊಡುವ ವಯಸ್ಸಿನಲ್ಲಿ ವಾರಾನ್ನ ಉಣ್ಣುವುದು ಬಡತನ, ಎಂ.ಎಸ್ಸಿ. ಮುಗಿಸಿ, ಮೀಸೆ ಬಲಿತ ಮೇಲೂ ದಿನಕ್ಕೊಂದು ಮನೆಯಂತೆ ಸರದಿ ಹಿಡಿದು ಉಣ್ಣುವುದಕ್ಕೆ ಏನೆನ್ನಬೇಕೋ ನನಗೆ ಇಂದಿಗೂ ತಿಳಿಯದು.

ಅದು ಯುದ್ಧದ ಕಾಲ. ಡಾಕ್ಟರೇಟಿನ ಹಂಬಲದಿಂದ ನಾನು ಶಿವಮೊಗ್ಗದಲ್ಲಿ ಮರದ ಇದ್ದಿಲಿನ ಮೇಲೆ ಸಂಶೋಧನೆಗೆ ಕೂತಿದ್ದೆ. ಅಂಥವನಿಗೆ ಹೊಟ್ಟೆ ಹೊರೆಯಲು ಇದ್ದ ದಾರಿ ಎರಡು. ಒಂದು, ವಿಶ್ವವಿದ್ಯಾನಿಲಯದ ಫೆಲೋಷಿಪ್ಪು; ಬಂದರೆ ಸಾಕ್ಷಾತ್ ಕಾಮಧೇನು, ಆದರೆ ಬರುವ ದಾರಿಯಲ್ಲೇ ಎಲ್ಲೋ ಮೇಯುತ್ತಾ ನಿಂತುಬಿಟ್ಟಿತ್ತು. ಇನ್ನೊಂದು, ಡೆಮಾನ್‌ಸ್ಟ್ರೇಟರ್ ಕೆಲಸ. ಹುಡುಗರಿಗೆ ಪ್ರಯೋಗ ತೋರಿಸಿ, ಗಾಜಿನ ನಳಿಕೆ ತೊಳೆದು, ಉಳಿದ ಉಸಿರಿನಲ್ಲಿ ಸ್ವಂತ ಸಂಶೋಧನೆ. ಆ ಸ್ಥಾನವೂ ಖಾಲಿಯಾಗುವವರೆಗೆ ಕಾಯಬೇಕಿತ್ತು. ಕಾಯುವುದಕ್ಕೆ ವೇತನ ಕೊಡುವ ಸಂಸ್ಥೆ ಪ್ರಪಂಚದಲ್ಲಿ ಎಲ್ಲೂ ಇಲ್ಲವಾದ್ದರಿಂದ ನಾನು ವಾರಾನ್ನಕ್ಕೆ ಶರಣಾದೆ.

ಬುಧವಾರ ಸೀತಮ್ಮನವರ ಮನೆ. ಅವರ ಮಗ ರಾಮು ಇಂಟರ್‌ಮೀಡಿಯೆಟ್ಟಿನಲ್ಲಿ ನನ್ನ ಸಹಪಾಠಿ, ಲೆಕ್ಕದಲ್ಲಿ ನನಗಿಂತ ಚುರುಕು. ತಂದೆ ತೀರಿಕೊಂಡ ಮೇಲೆ ಓದು ಬಿಟ್ಟು ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಸೇರಿದ್ದ. ವಾರದವರು ಉಂಡೆದ್ದ ಮೇಲೆಯೇ ಮನೆಯವರಿಗೆ ಎಲೆ ಹಾಕುವುದು ಆ ಮನೆಯ ಪದ್ಧತಿ. ನಾನು ಉಣ್ಣುವ ಹೊತ್ತಿನಲ್ಲಿ ರಾಮು ಮನೆಯಲ್ಲಿರುತ್ತಿರಲಿಲ್ಲವಾದ್ದರಿಂದ, ಆ ಪದ್ಧತಿಯ ಭಾರ ಯಾರ ಮೇಲೆ ಬೀಳುತ್ತದೆಂದು ನಾನು ಯೋಚಿಸಿಯೇ ಇರಲಿಲ್ಲ.

ಒಂದು ಬುಧವಾರ ಅವನು ರಾತ್ರಿಪಾಳಿ ಮುಗಿಸಿ ಭದ್ರಾವತಿಯ ರೈಲಿಳಿದು ಮನೆಗೆ ಬಂದಾಗ ನಾನು ಎರಡನೆಯ ಸಲ ಅನ್ನ ಹಾಕಿಸಿಕೊಳ್ಳುತ್ತಿದ್ದೆ. ಅವನ ಕಣ್ಣು ಕೆಂಪಾಗಿತ್ತು, ಕೂದಲಲ್ಲಿ ಮಸಿಯಿತ್ತು. ಕೈಕಾಲು ತೊಳೆದು ಒಳಗೆ ಹೆಜ್ಜೆಯಿಟ್ಟವನನ್ನು ತಾಯಿ ತಡೆದರು: “ಸ್ವಲ್ಪ ಇರು, ವಾರದೋರು ಏಳ್ಲಿ.”

ಅವನು ಜಗಲಿಗೆ ಹೋಗಿ ಕೂತ. ಮನೆಯಲ್ಲಿದ್ದದ್ದು ರೇಷನ್ನಿನ ಅಕ್ಕಿ. ನನ್ನ ಎಲೆಗೆ ಬಿದ್ದದ್ದು ಅವನ ಪಾಲಿನದೆಂದು, ಅದನ್ನು ಕೊಂಡದ್ದು ಅವನ ದುಡಿಮೆಯೆಂದು ಆಗ ಹೊಳೆಯಿತು. ಎಲೆ ಬಿಟ್ಟೇಳುವುದು ಅನ್ನಕ್ಕೆ ಅವಮಾನ, ಉಣ್ಣುವುದು ಅವನಿಗೆ. ತಲೆ ತಗ್ಗಿಸಿ ಉಂಡೆ. ಅಷ್ಟು ನಾಚಿಕೆಯನ್ನು ನಾನು ಜೀವಮಾನದಲ್ಲಿ ಪಟ್ಟಿಲ್ಲ.

ಕೈತೊಳೆದು ಜಗಲಿಗೆ ಬಂದು, “ಈ ಸಂಶೋಧನೆ ಸಾಕು ರಾಮು. ನಿಮ್ಮ ಕಾರ್ಖಾನೇಲೇ ನಂಗೂ ಏನಾದ್ರೂ ಕೆಲಸ ಕೊಡ್ಸು,” ಎಂದೆ.

ಅವನು ನಗಲಿಲ್ಲ, ಬೈಯಲೂ ಇಲ್ಲ.

“ಸುಮ್ನಿರು ಮಾರಾಯ. ನಾನು ಓದು ಬಿಟ್ಟ ದಿನ ಅಮ್ಮ ಎಷ್ಟು ಅತ್ತಿದ್ಲು ಗೊತ್ತಾ? ನೀನು ಬರೋಕೆ ಶುರು ಮಾಡಿದ್ಮೇಲೆ, ನಮ್ಮನೇಲೂ ಒಬ್ಬ ಓದ್ತಾನೆ ಅಂತ ಬೀದಿಗೆಲ್ಲ ಹೇಳ್ಕೊಂಡು ಬರ್ತಾಳೆ. ಅದನ್ನೂ ಕಿತ್ಕೊಂಡು ಹೋಗ್ಬೇಡ.”

ಸೀತಮ್ಮನವರು ಅವನನ್ನು ಊಟಕ್ಕೆ ಕರೆದರು. ಒಳಗೆ ಸೌಟು ಪಾತ್ರೆಯ ತಳ ಕೆರೆಯುವ ಸದ್ದು ಜಗಲಿಯವರೆಗೂ ಕೇಳಿಸಿತು.

ಮುಂದಿನ ಬುಧವಾರವೂ ನಾನು ಹೋದೆ, ಬಡಿಸಿದಷ್ಟನ್ನೂ ಉಂಡೆ. ನಾಚಿಕೆಪಟ್ಟುಕೊಂಡೇ ಓದಿದೆ, ಓದು ಬಿಡುವ ಹಕ್ಕು ಆಗಲೇ ನನ್ನ ಕೈತಪ್ಪಿ ಹೋಗಿತ್ತು.