ಎರಡು ಮನೆಗೆ ಒಂದೇ ತೊಲೆ

ನಮ್ಮ ಓಣಿಯಲ್ಲಿ ಯಾವ ಮನೆಗೂ ನಾಲ್ಕು ಸ್ವಂತ ಗೋಡೆಗಳಿಲ್ಲ. ಮುಂದಿನದು, ಹಿಂದಿನದು ನಮ್ಮವು, ಅಕ್ಕಪಕ್ಕದವು ಪಾಲಿನವು. ವಿಕ್ಟೋರಿಯಾ ರಾಣಿಯ ಕಾಲದಲ್ಲಿ ಗದಗಿಗೆ ರೈಲು ಬಂದು ಹತ್ತಿ ವ್ಯಾಪಾರ ಕುದುರಿದಾಗ ಅಡತಿ ಅಂಗಡಿಯವರು ಸಾಲಾಗಿ ಕಟ್ಟಿಸಿದ ಮನೆಗಳಿವು. ಒಳಗೆಲ್ಲ ಕಲ್ಲು, ಕೆಸರು, ಮೇಲೆ ಮಣ್ಣಿನ ಮಾಳಿಗೆ. ಬೀದಿಗೆ ಕಾಣುವ ಮುಖಕ್ಕೆ ಮಾತ್ರ ಸಾಹೇಬರ ಬಂಗಲೆಯ ಠೀವಿ: ಕಮಾನು, ಗಾರೆಯ ಬಳ್ಳಿ, ಬೀಡು ಕಬ್ಬಿಣದ ಕಟಾಂಜನ. ಮೂಲೆಯ ಮನೆಯ ನೆತ್ತಿಯಲ್ಲಿ ಕಿರೀಟ ತೊಟ್ಟ ಹೆಂಗಸಿನ ಗಾರೆಮುಖವಿದೆ. ಕಟ್ಟಿಸಿದವರ ಮನಸ್ಸಿನಲ್ಲಿ ಅವಳು ವಿಕ್ಟೋರಿಯಾ ರಾಣಿಯೇ ಅಂತೆ. ಈಗಿನವರು ದೀಪಾವಳಿಗೆ ಏಣಿ ಹತ್ತಿ ಕುಂಕುಮ ಹಚ್ಚುತ್ತಾರೆ.

ಈ ಇತಿಹಾಸವನ್ನು ಬಂದ ನೆಂಟರಿಗೆಲ್ಲ ಬೇಡವೆಂದರೂ ಹೇಳುತ್ತಿದ್ದವನು ನಾನು. ಪಕ್ಕದ ಮನೆಯವನು ತನ್ನದನ್ನು ಕೆಡವಿ ಹೊಸದು ಕಟ್ಟುತ್ತೇನೆ ಎಂದ ದಿನದಿಂದ, ಅದೇ ಇತಿಹಾಸ ಯಾವಾಗ ತಲೆಯ ಮೇಲೆ ಬೀಳುತ್ತದೋ ಎಂದು ಕಾಯತೊಡಗಿದೆ.

ಅವನು ನನ್ನ ಓರಗೆಯವನು, ಜೊತೆಗೆ ಶಾಲೆ ಕಲಿತವನು. "ಅಂಜೂದ ನಿನಗ ನೌಕರಿ ಆಗೇತಿ ನೋಡಲೇ," ಎಂದ. "ನಡುವಿನ ಗ್ವಾಡಿ ನಾ ಮುಟ್ಟಂಗಿಲ್ಲ. ಆತಿಲ್ಲೋ?"

ಆಯಿತು ಎಂದು ತಲೆಯಾಡಿಸಿ ಮನೆಗೆ ಬಂದವನೇ ಆ ಗೋಡೆಯ ಬಿರುಕುಗಳ ಮೇಲೆ ಹಳೆ ಕ್ಯಾಲೆಂಡರಿನ ಚೂರುಗಳನ್ನು ಅಂಟಿಸಿದೆ. ಬಿರುಕು ಅಗಲವಾದರೆ ಕಾಗದ ಹರಿಯುತ್ತದೆ ಎಂದು ಎಲ್ಲೋ ಓದಿದ್ದೆ. ಮರುದಿನವೇ ಒಂದು ಹರಿದಿತ್ತು. ಹೆಂಡತಿ ಜೇಡರ ಬಲೆ ತೆಗೆಯುವಾಗ ಕಸಬರಿಗೆ ತಾಗಿತ್ತೆಂದು ಆಮೇಲೆ ತಿಳಿಯಿತು.

"ನಾಕು ದಿನ ಮಲ್ಲಸಮುದ್ರಕ್ಕ, ನಿಮ್ಮ ಅಕ್ಕನ ಮನಿಗಿ ಹೋಗಿ ಬಾ," ಎಂದು ಅವಳಿಗೆ ಹೇಳಿದೆ.

"ನಾ ಹೋದ್ರ ಗ್ವಾಡಿ ಬೀಳೂದು ನಿಲ್ತೈತೇನ್ರಿ? ನಿಮಗ ರೊಟ್ಟಿ ಯಾರು ಮಾಡಿ ಹಾಕ್ತಾರ?" ಎಂದಳು. ನಮ್ಮ ಅಡುಗೆಮನೆ ಇರುವುದೇ ಆ ಗೋಡೆಗೆ ಹತ್ತಿ.

ಜೆಸಿಬಿ ಬಂದ ದಿನ ರಜೆ ಹಾಕಿ ಬೀದಿಯಲ್ಲಿ ನಿಂತೆ. ಅವನ ಮಾಳಿಗೆಯ ಮಣ್ಣು ಇಳಿಯಿತು, ಜಂತೆಗಳು ಇಳಿದವು. ಕೊನೆಗೆ ಉಳಿದದ್ದು ಒಂದು ಸಾಗವಾನಿ ತೊಲೆ. ಅದರ ತುದಿ ನಡುಗೋಡೆಯೊಳಗೆ ಹೂತಿತ್ತು. ಡ್ರೈವರ್ ಅದಕ್ಕೆ ಸರಪಳಿ ಬಿಗಿದು ಒಮ್ಮೆ ಜಗ್ಗಿದ.

ಒಳಗಿಂದ ಹೆಂಡತಿಯ ಕೂಗು ಬಂತು: "ರೀ! ಹಿಟ್ಟಿನಾಗ ಮಣ್ಣು ಬಿತ್ರೀ!"

ಆಗ ಹೊಳೆಯಿತು. ನಮ್ಮ ಅಡುಗೆಮನೆಯ ಮಾಳಿಗೆ ಹೊತ್ತ ತೊಲೆಯೂ ಇದೂ ಒಂದೇ ಮರ! ಕಟ್ಟಿಸಿದ ಇಬ್ಬರೂ ವ್ಯಾಪಾರದಲ್ಲಿ ಪಾಲುದಾರರು. ಅಂಥ ಉದ್ದದ ಮರ ಕೊಯ್ಯಲು ಮನಸ್ಸಾಗದೆ ನಡುಗೋಡೆಯೊಳಗಿಂದ ಹಾಯಿಸಿ ಎರಡೂ ಮನೆಗೆ ಹಾಕಿಸಿಬಿಟ್ಟಿದ್ದಾರೆ. ಹುಟ್ಟಿದಾಗಿನಿಂದ ನೋಡಿದ ತೊಲೆ. ಅದು ಗೋಡೆಯಲ್ಲಿ ಮುಗಿಯುತ್ತದೆ ಎಂದೇ ತಿಳಿದಿದ್ದೆ. ಸಾವಿರ ಸಂಗತಿಗೆ ಹೆದರಿದವನು ಇದೊಂದಕ್ಕೆ ಹೆದರಿರಲಿಲ್ಲ.

ಓಡಿಹೋಗಿ ಸರಪಳಿ ಹಿಡಿದು ಜೋತುಬಿದ್ದೆ.

"ಏ ಸರ, ಸರೀರಿ! ಸಾಯ್ತೀರಿ!" ಎಂದು ಡ್ರೈವರ್ ಚೀರಿ ಗಾಡಿ ನಿಲ್ಲಿಸಿದ.

"ಸಾಗವಾನಿಲೇ ಅದು! ಹಂಗ ಬಿಡಾಕ ಬರ್ತೈತೇನು?" ಎಂದ ಗೆಳೆಯ.

"ಒಳಗ ಆಕಿ ಅದಾಳೋ! ನಮ್ಮ ಮಾಳಗಿ ಇದರ ಮ್ಯಾಲೇ ಕುಂತೈತಿ!"

ಗೆಳೆಯ ನಂಬದೆ ನಮ್ಮ ಅಡುಗೆಮನೆಗೆ ಬಂದು ತಲೆಯೆತ್ತಿ ನೋಡಿದ. ಜಂತೆಗಳ ಸಂದಿನಿಂದ ಸಣ್ಣಗೆ ಮಣ್ಣು ಉದುರುತ್ತಲೇ ಇತ್ತು.

"ತಂಗಿ, ಒಲಿ ಆರಿಸಿ ಮೊದಲ ಹೊರಗ ಬಾರವಾ," ಎಂದ. ನನ್ನ ಮಾತಿಗೆ ಜಗ್ಗದವಳು ಅವನ ಮುಖ ನೋಡಿ ಹೊರಗೆ ಬಂದಳು.

ಸೆಂಟ್ರಿಂಗ್‌ನವನಿಂದ ಕಬ್ಬಿಣದ ಕಂಬಗಳನ್ನು ತರಿಸಿ ನಮ್ಮ ತೊಲೆಗೆ ಆನಿಸಿದ ಮೇಲೆ, ಬಡಿಗ ಗೋಡೆಯ ಆಚೆ ಬದಿಗೆ ಗರಗಸ ಇಟ್ಟ. ಕೊಯ್ಯುವಷ್ಟು ಹೊತ್ತೂ ನಾನೂ ಗೆಳೆಯನೂ ಬೀದಿಯಲ್ಲಿ ಮೈ ಬಿಗಿಹಿಡಿದು ನಿಂತಿದ್ದೆವು. ಅವನ ಪಾಲಿನ ತೊಲೆ ಧೊಪ್ಪನೆ ಬಿತ್ತು. ನಮ್ಮದು ಮಿಸುಕಲಿಲ್ಲ. ಒಳಗೆ ಮೊದಲು ಹೋದವಳು ಹೆಂಡತಿ.

"ಹಿಟ್ಟು ಬ್ಯಾರೆ ತಗೊಂಡು ರೊಟ್ಟಿ ಮಾಡೀನಿ, ಇಬ್ರೂ ಒಳಗ ಬರ್ರಿ," ಎಂದು ಸ್ವಲ್ಪ ಹೊತ್ತಿಗೆ ಕರೆದಳು.

"ಇಲ್ಲೇ ಕಟ್ಟಿ ಮ್ಯಾಲೆ ಕೊಡವಾ, ಗಾಳಿ ಐತಿ," ಎಂದ ಗೆಳೆಯ. ಎಲೆಯೊಂದೂ ಅಲುಗುತ್ತಿರಲಿಲ್ಲ. ನಾನೂ ಅವನ ಪಕ್ಕದಲ್ಲಿ ಕುಳಿತೆ.

ಅವನ ಹೊಸ ಗೋಡೆ ನಮ್ಮದಕ್ಕೆ ಒತ್ತಿಕೊಂಡು ಎದ್ದ ಮೇಲೆ ಸೆಂಟ್ರಿಂಗ್‌ನವನು ನಮ್ಮ ಅಡುಗೆಮನೆಯಲ್ಲಿದ್ದ ಕಂಬಗಳನ್ನು ಕೇಳಿಕೊಂಡು ಬಂದ. "ಅವು ಅಲ್ಲೇ ಇರಲಿ, ಬಾಡಿಗಿ ನನಗ ಹಚ್ಚು," ಎಂದು ಅವನನ್ನು ಕಳಿಸಿದವನು ನಾನಲ್ಲ, ನನ್ನ ಗೆಳೆಯ.